ಮೊಡವೆ ಕೊಳೆಯಲ್ಲ, ಕಪ್ಪು ಕಾಯಿಲೆಯಲ್ಲ. ಉಜ್ಜೋದು ನಿಲ್ಲಿಸಿ



ಇವತ್ತಿನ ಪೋಸ್ಟ್ ಒಳಮೀಸಲಾತಿ ಬಗ್ಗೆ ಅಲ್ಲ, ಸ್ಮಶಾನದ ಜಾಗದ ಬಗ್ಗೆ ಅಲ್ಲ, ಬಗರ್‌ಹುಕುಂ ಅರ್ಜಿ ಬಗ್ಗೆಯೂ ಅಲ್ಲ. ಮುಖದ ಬಗ್ಗೆ. ಮೊಡವೆ, ಜಿಡ್ಡು ಚರ್ಮ, ಶೇವ್ ಮಾಡಿದ ಮಾರನೇ ದಿನ ಗದ್ದದ ಕೆಳಗೆ, ಕುತ್ತಿಗೆ ಮೇಲೆ ಏಳೋ ಗುಳ್ಳೆಗಳ ಬಗ್ಗೆ. "ಏನಣ್ಣ, ಹೋರಾಟ ಬಿಟ್ಟು ಬ್ಯೂಟಿ ಪಾರ್ಲರ್ ಇಟ್ರಾ?" ಅಂತ ಕಾಮೆಂಟ್ ಹಾಕೋಕೆ ಮುಂಚೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಆದರೆ ನಮ್ಮ ಹುಡುಗ ಹುಡುಗಿಯರು ಮುಖ ಸುಟ್ಕೊಳ್ತಾ ಇರೋದನ್ನ ನೋಡಿಕೊಂಡು ಸುಮ್ಮನಿರೋಕೆ ಆಗಲ್ಲ.

ಮೊದಲು ಒಂದು ಮಾತು ಹೇಳಿಬಿಡ್ತೀನಿ. ಮೊಡವೆ ಅನ್ನೋದು ಕೊಳೆಯಿಂದ ಬರೋದಲ್ಲ. ಜಿಡ್ಡು ಮುಖ ಅಂದ್ರೆ ಸ್ನಾನ ಮಾಡದ ಮುಖ ಅಲ್ಲ. ಇದು ವೈದ್ಯಶಾಸ್ತ್ರ ಹೇಳೋ ಮಾತು. ಚರ್ಮದೊಳಗೆ ಎಣ್ಣೆ ಗ್ರಂಥಿಗಳಿವೆ. ಹದಿಹರೆಯದಲ್ಲಿ ಹಾರ್ಮೋನು ಏರಿದಾಗ ಅವು ಜಾಸ್ತಿ ಎಣ್ಣೆ ಬಿಡುತ್ತವೆ. ಆ ಎಣ್ಣೆ, ಸತ್ತ ಚರ್ಮ ಎರಡೂ ಸೇರಿ ಕೂದಲಿನ ರಂಧ್ರವನ್ನ ಮುಚ್ಚುತ್ತವೆ. ಒಳಗೆ ಉರಿಯೂತ ಆಗುತ್ತೆ. ಅದೇ ಮೊಡವೆ. ಮೂಗಿನ ಮೇಲೆ ಕಾಣೋ ಕಪ್ಪು ಚುಕ್ಕೆ, ಬ್ಲಾಕ್‌ಹೆಡ್ ಅಂತೀವಲ್ಲ, ಆ ಕಪ್ಪು ಕೂಡ ಧೂಳಲ್ಲ. ರಂಧ್ರದಲ್ಲಿ ಕಟ್ಟಿಕೊಂಡ ಎಣ್ಣೆ ಗಾಳಿ ತಾಗಿ ಕಪ್ಪಾಗಿರೋದು. ಎಷ್ಟು ಉಜ್ಜಿದರೂ ಹೋಗಲ್ಲ.

ಆದರೆ ನಮ್ಮ ಮಕ್ಕಳು ಉಜ್ಜುತ್ತಾರೆ. ಯಾಕೆ ಉಜ್ಜುತ್ತಾರೆ ಅಂತ ಯೋಚನೆ ಮಾಡಿ.

ಬೇರೆಯವರ ಮನೆ ಹುಡುಗನ ಮುಖದಲ್ಲಿ ಮೊಡವೆ ಬಂದರೆ "ವಯಸ್ಸಿಗೆ ಬಂದಿದ್ದಾನೆ" ಅಂತಾರೆ. ನಮ್ಮ ಕೇರಿ ಹುಡುಗನ ಮುಖದಲ್ಲಿ ಬಂದರೆ "ಮುಖ ತೊಳ್ಕೊಳ್ಳೋ, ನೀಟಾಗಿ ಬಾ" ಅಂತಾರೆ. ಅದೇ ಮೊಡವೆ, ಮಾತು ಬೇರೆ. ಸಾವಿರಾರು ವರ್ಷ ನಮ್ಮ ಮೇಲೆ ಹೊರಿಸಿದ್ದು ಒಂದೇ ಆರೋಪ, ಇವರು ಕೊಳಕು ಅಂತ. ಕೆರೆ ನೀರು ಮುಟ್ಟೋಕೆ ಬಿಡದವರೇ ಆಮೇಲೆ ಸ್ನಾನ ಮಾಡಲ್ಲ ಅಂತ ಬೈದರು. ಆ ಬೈಗುಳ ನಮ್ಮ ಮಕ್ಕಳ ತಲೆಯಲ್ಲಿ ಇನ್ನೂ ಕೂತಿದೆ. ಹಾಗಾಗಿ ಮುಖದಲ್ಲಿ ಒಂದು ಗುಳ್ಳೆ ಬಂದರೆ ಸಾಕು, ದಿನಕ್ಕೆ ಆರು ಸಲ ಸೋಪು ಹಾಕ್ತಾರೆ. ಬಟ್ಟೆ ಸೋಪು ಹಾಕೋರನ್ನ ನೋಡಿದ್ದೀನಿ. ಡೆಟ್ಟಾಲ್ ನೀರಿಗೆ ಬೆರೆಸದೆ ಹಚ್ಚೋರು, ನಿಂಬೆಹಣ್ಣು ಹೋಳು ಮಾಡಿ ತಿಕ್ಕೋರು, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚೋರು ಎಲ್ಲರೂ ಇದ್ದಾರೆ. ಇವೆಲ್ಲ ಚರ್ಮದ ಮೇಲ್ಪದರವನ್ನ ಸುಡುತ್ತವೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ಮೊಡವೆ ಎರಡು ವಾರಕ್ಕೆ ಹೋಗ್ತಿತ್ತು, ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ನಮ್ಮಂಥ ಕಪ್ಪು, ಎಣ್ಣೆಗಪ್ಪು ಚರ್ಮದಲ್ಲಿ ಗಾಯ ಮಾಗಿದ ಜಾಗ ಇನ್ನೂ ಕಪ್ಪಾಗೋದು ಜಾಸ್ತಿ. ಅದಕ್ಕೇ ನಮ್ಮವರು ಎಲ್ಲರಿಗಿಂತ ಕಮ್ಮಿ ಉಜ್ಜಬೇಕು. ನಾವು ಮಾಡ್ತಿರೋದು ಉಲ್ಟಾ.

ಇನ್ನು ಗಡ್ಡದ ಗುಳ್ಳೆ ವಿಷಯ.

ನನ್ನ ಅಕ್ಕನ ಮಗ ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡ್ತಾನೆ. ದಿನಾ ಕ್ಲೀನ್ ಶೇವ್ ಮಾಡಿಕೊಂಡೇ ಡ್ಯೂಟಿಗೆ ಬರಬೇಕು. ಕಳೆದ ವರ್ಷ ಹಬ್ಬಕ್ಕೆ ಊರಿಗೆ ಬಂದಾಗ ಕುತ್ತಿಗೆ ತುಂಬ ಗುಳ್ಳೆ, ಕೆಲವು ಕೀವು ಕಟ್ಟಿದ್ದವು. "ಮಾವ, ಶೇವ್ ಮಾಡದೆ ಹೋದ್ರೆ ಸೂಪರ್‌ವೈಸರ್ ಅರ್ಧ ದಿನದ ಸಂಬಳ ಹಿಡೀತಾರೆ. ಶೇವ್ ಮಾಡಿದ್ರೆ ರಕ್ತ ಬರುತ್ತೆ. ಏನ್ ಮಾಡ್ಲಿ?" ಅಂದ. ಅವನ ರೂಮಿನಲ್ಲಿ ಇರೋ ನಾಲ್ಕು ಜನದಲ್ಲಿ ಇಬ್ಬರಿಗೆ ಇದೇ ಕಥೆಯಂತೆ. ಒಂದೇ ರೇಜರು ಹದಿನೈದು ದಿನ ಓಡಿಸ್ತಾರೆ. ಗುಳ್ಳೆ ಬಂದರೆ ಸೇಫ್ಟಿ ಪಿನ್ನಿನಿಂದ ಕೆದಕಿ ಕೂದಲು ತೆಗೀತಾರೆ.

ಇದು ಏನು ಅಂದ್ರೆ, ಚರ್ಮದೊಳಗೆ ತಿರುಗಿ ಬೆಳೆಯೋ ಕೂದಲು. ಇಂಗ್ಲಿಷಲ್ಲಿ ಇನ್‌ಗ್ರೋನ್ ಹೇರ್ ಅಂತಾರೆ. ಗುಂಗುರು ಗಡ್ಡ ಇರೋರಿಗೆ ಇದು ಜಾಸ್ತಿ. ಬ್ಲೇಡು ಕೂದಲನ್ನ ಚೂಪಾಗಿ ಕತ್ತರಿಸುತ್ತೆ. ಆ ಚೂಪಾದ ತುದಿ ನೇರ ಮೇಲೆ ಬರೋ ಬದಲು ಬಾಗಿ ಮತ್ತೆ ಚರ್ಮಕ್ಕೇ ಚುಚ್ಚಿಕೊಳ್ಳುತ್ತೆ. ನಮ್ಮ ದೇಹ ಅದನ್ನ ಮುಳ್ಳು ಹೊಕ್ಕಿದೆ ಅಂತ ತಿಳಿದು ಊದಿಕೊಳ್ಳುತ್ತೆ. ಅಷ್ಟೇ. ಇದು ಸೋಂಕು ಅಲ್ಲ, ಅಂಟುರೋಗ ಅಲ್ಲ, ಗಲೀಜು ಅಂತೂ ಅಲ್ಲವೇ ಅಲ್ಲ. ಪಿನ್ನು ಹಾಕಿ ಕೆದಕಿದಾಗ ಮಾತ್ರ ನಿಜವಾದ ಸೋಂಕು ಬರೋ ದಾರಿ ಆಗುತ್ತೆ.

ಅಮೆರಿಕದ ಕಪ್ಪು ಜನರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ಅಲ್ಲಿ ಮನೆ ಮನೆಗೆ ಪಿಜ್ಜಾ ತಲುಪಿಸೋ ಒಬ್ಬ ಕಪ್ಪು ಕೆಲಸಗಾರನನ್ನ ಗಡ್ಡ ಬಿಟ್ಟ ಅಂತ ಕೆಲಸದಿಂದ ತೆಗೆದರು. ಶೇವ್ ಮಾಡಿದರೆ ಅವನಿಗೆ ಇದೇ ಗುಳ್ಳೆ. ಕೇಸು ಮೇಲಿನ ಕೋರ್ಟಿಗೆ ಹೋಯ್ತು. 1993ರಲ್ಲಿ ಬಂದ ತೀರ್ಪು ಏನು ಹೇಳ್ತು ಅಂದ್ರೆ, ಎಲ್ಲರಿಗೂ ಒಂದೇ ಅಂತ ಕಾಣೋ "ಗಡ್ಡ ಬೇಡ" ಅನ್ನೋ ನಿಯಮ ಕಪ್ಪು ಗಂಡಸರಿಗೆ ಹೆಚ್ಚು ಹೊಡೆತ ಕೊಡುತ್ತೆ, ಈ ತೊಂದರೆ ಇರೋರಿಗೆ ವಿನಾಯ್ತಿ ಕೊಡಬೇಕು ಅಂತ. ಅವರ ಸೈನ್ಯದಲ್ಲೂ ಡಾಕ್ಟರ್ ಚೀಟಿ ಇದ್ದವರಿಗೆ ಶೇವಿಂಗಿಗೆ ವಿನಾಯ್ತಿ ಕೊಟ್ಟಿದ್ದುಂಟು. ಗಡ್ಡದ ಒಂದು ಗುಳ್ಳೆಯನ್ನ ಅವರು ಸಮಾನತೆಯ ಪ್ರಶ್ನೆ ಮಾಡಿದರು. ನಾವು ಅದನ್ನ ನಮ್ಮ ಹುಡುಗರ ಸೋಮಾರಿತನ ಅಂತ ಬೈತಾ ಕೂತಿದ್ದೀವಿ.

ನಮಗಂತೂ ಕೂದಲು, ಗಡ್ಡ ಯಾವತ್ತೂ ಬರೀ ಕೂದಲು, ಗಡ್ಡ ಆಗಿರಲಿಲ್ಲ. ಬಾಬಾಸಾಹೇಬರು ತಮ್ಮ ಬಾಲ್ಯದ ಬಗ್ಗೆ ಬರೆದಿದ್ದಾರೆ. ಸಾತಾರದಲ್ಲಿ ಕ್ಷೌರಿಕರು ಇದ್ದರು, ಆದರೆ ಅಸ್ಪೃಶ್ಯರ ತಲೆ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಅಕ್ಕನೇ ಅವರಿಗೆ ಕ್ಷೌರ ಮಾಡ್ತಿದ್ದರು. ನೂರು ವರ್ಷದ ಮೇಲಾಯ್ತು. ಇವತ್ತಿಗೂ ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಕಟಿಂಗ್ ಶಾಪಿನ ಬಾಗಿಲು ಹಾಕಿದ ಸುದ್ದಿ ಪೇಪರಿನಲ್ಲಿ ಬರ್ತಾನೇ ಇದೆ. ಅಸ್ಪೃಶ್ಯತೆ ಹೆಸರಲ್ಲಿ ಸೇವೆ ನಿರಾಕರಿಸೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಆದರೂ ಬಾಗಿಲು ಹಾಕ್ತಾರೆ. ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಸವಿತಾ ಸಮಾಜದ ಬಂಧುಗಳೂ ಜಾತಿಯ ಪೆಟ್ಟು ತಿಂದವರೇ. ಬಾಗಿಲು ಹಾಕಿಸೋದು ಬಹಳ ಸಲ ಊರಿನ ದೊಡ್ಡವರು. ನನ್ನ ಸಿಟ್ಟು ಅಂಗಡಿಯವರ ಮೇಲಲ್ಲ.

ಹಾಗೆ ಬಾಗಿಲು ಹಾಕಿದ ಊರುಗಳಲ್ಲಿ ನಮ್ಮ ಹುಡುಗರು ಮನೆಯಲ್ಲೇ ತುಂಡು ಕನ್ನಡಿ ಇಟ್ಕೊಂಡು, ತಣ್ಣೀರಿನಲ್ಲಿ, ಒಬ್ಬರ ಬ್ಲೇಡು ಇನ್ನೊಬ್ಬರು ಬಳಸಿ ಶೇವ್ ಮಾಡ್ತಾರೆ. ಬ್ಲೇಡು ಹಂಚಿಕೊಳ್ಳೋದು ಅಂದ್ರೆ ಹೆಪಟೈಟಿಸ್ ಬಿ ಹಂಚಿಕೊಳ್ಳೋ ಅಪಾಯ. ಇದನ್ನ ಯಾರು ಹೇಳಿಕೊಟ್ಟಿದ್ದಾರೆ ಅವರಿಗೆ?

ಈಗ ನಿಜವಾದ ಕಳ್ಳನ ಹತ್ತಿರ ಬರೋಣ. ಅದು ಮೆಡಿಕಲ್ ಶಾಪಿನಲ್ಲಿ ಸಿಗೋ ಸಣ್ಣ ಟ್ಯೂಬು.

"ಅಣ್ಣ, ಮುಖಕ್ಕೆ ಏನಾದ್ರೂ ಕೊಡಿ" ಅಂದರೆ ಸಾಕು, ಚೀಟಿ ಇಲ್ಲದೆ ಒಂದು ಸ್ಟೀರಾಯ್ಡ್ ಮುಲಾಮು ಕೈಗೆ ಬರುತ್ತೆ. ಹಚ್ಚಿದ ಎರಡೇ ದಿನಕ್ಕೆ ಗುಳ್ಳೆ ಇಳಿಯುತ್ತೆ, ಮುಖ ಬೆಳ್ಳಗಾದ ಹಾಗೆ ಕಾಣುತ್ತೆ. ಹುಡುಗಿ ಗೆಳತಿಗೆ ಹೇಳ್ತಾಳೆ, ಗೆಳತಿ ತಂಗಿಗೆ ಹೇಳ್ತಾಳೆ. ತಿಂಗಳುಗಟ್ಟಲೆ ಹಚ್ತಾರೆ. ಆಮೇಲೆ ಚರ್ಮ ತೆಳ್ಳಗಾಗುತ್ತೆ, ಕೆಂಪು ನರಗಳು ಎದ್ದು ಕಾಣುತ್ತೆ, ಬಿಸಿಲಿಗೆ ಹೋದರೆ ಉರಿಯುತ್ತೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯುತ್ತೆ, ಮೊಡವೆ ಮೊದಲಿಗಿಂತ ಜೋರಾಗಿ ಬರುತ್ತೆ. ಬಿಟ್ಟರೆ ಮುಖ ಭಗ್ಗಂತ ಉರಿಯುತ್ತೆ, ಅದಕ್ಕೆ ಮತ್ತೆ ಹಚ್ತಾರೆ. ಕುಡಿತದ ಚಟದ ಹಾಗೇ ಇದು. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಸ್ಟೀರಾಯ್ಡಿನಿಂದ ಹಾಳಾದ ಮುಖ ಅಂತಲೇ ಹೆಸರಿಟ್ಟು ವರ್ಷಗಳಿಂದ ಕೂಗ್ತಾ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ನಿಯಮ ಕಾಗದದಲ್ಲಿ ಇದೆ, ಟ್ಯೂಬು ಕೌಂಟರಿನಲ್ಲಿ ಇದೆ.

ಗುರುತು ಹಿಡಿಯೋದು ಹೇಗೆ? ಟ್ಯೂಬಿನ ಮೇಲೆ ದೊಡ್ಡಕ್ಷರದ ಹೆಸರು ನೋಡಬೇಡಿ. ಕೆಳಗೆ ಸಣ್ಣಕ್ಷರದಲ್ಲಿ ಇರೋ ಔಷಧದ ಹೆಸರು ನೋಡಿ. ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್. ಕೊನೆಗೆ "ಸೋನ್" ಅಥವಾ "ಸಾಲ್" ಅಂತ ಬಂದರೆ ಅನುಮಾನ ಪಡಿ. ಕೆಂಪು ಗೆರೆ ಇದ್ದರೆ ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ತಾ ಇರೋರು ಈ ಪೋಸ್ಟ್ ಓದಿ ಇವತ್ತೇ ಎಸೀಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ, ಅವರು ನಿಧಾನವಾಗಿ ಬಿಡಿಸ್ತಾರೆ.

ಹೆಸರಿಲ್ಲದ, ಲೇಬಲ್ ಇಲ್ಲದ ಬಿಳುಪಿನ ಕ್ರೀಮುಗಳು ಇನ್ನೂ ಅಪಾಯ. ಅವುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದಿದ್ದನ್ನ ಡಾಕ್ಟರುಗಳು ಪತ್ತೆ ಹಚ್ಚಿದರು. ಮುಖಕ್ಕೆ ಹಚ್ಚಿದ್ದು, ಕಿಡ್ನಿಗೆ ಹೋಯ್ತು.

ಬೆಳ್ಳಗಾಗೋ ಹುಚ್ಚು ಎಲ್ಲಿಂದ ಬಂತು ಅಂತ ನಾನು ಬಿಡಿಸಿ ಹೇಳಬೇಕಾ? ಇಂಥ ಜಾತಿಯವನು ಕಪ್ಪಗಿದ್ದರೆ ನಂಬಬೇಡ, ಇಂಥ ಜಾತಿಯವನು ಕೆಂಪಗಿದ್ದರೆ ನಂಬಬೇಡ ಅಂತ ಗಾದೆ ಕಟ್ಟಿದ ಸಮಾಜ ಇದು. ಹೆಣ್ಣು ನೋಡೋಕೆ ಬಂದವರು "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ" ಅಂತಾರೆ. ಆ "ಇದ್ರೂ" ಅನ್ನೋ ಎರಡಕ್ಷರದ ಮೇಲೆ ಎಷ್ಟು ದೊಡ್ಡ ವ್ಯಾಪಾರ ನಿಂತಿದೆ ನೋಡಿ. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಹೆಸರಿನಿಂದ "ಫೇರ್" ತೆಗೆದು ಗ್ಲೋ ಅಂಡ್ ಲವ್ಲಿ ಅಂತ ಮಾಡಿದರು. ಹೆಸರು ಬದಲಾಯ್ತು, ಹೆಣ್ಣು ನೋಡೋಕೆ ಬರೋರ ಬಾಯಿ ಬದಲಾಗಿಲ್ಲ. ಮೊಡವೆಗೆ ಔಷಧ ಇದೆ. ಕಪ್ಪಿಗೆ ಔಷಧ ಇಲ್ಲ, ಯಾಕಂದ್ರೆ ಕಪ್ಪು ಕಾಯಿಲೆ ಅಲ್ಲ. ಅದೇ ಬಣ್ಣ ಬಿಸಿಲಿನಿಂದ ನಮ್ಮ ಚರ್ಮವನ್ನ ಕಾಯ್ತಾ ಇರೋದು.

ಸರಿ, ಹಾಗಾದ್ರೆ ಏನು ಮಾಡಬೇಕು? ಕಮ್ಮಿ ಖರ್ಚಿನಲ್ಲಿ ಆಗೋದನ್ನ ಬರೀತೀನಿ. ನಾನು ಡಾಕ್ಟರ್ ಅಲ್ಲ, ಆಫೀಸಿನಲ್ಲಿ ಫೈಲು ನೋಡೋ ಗುಮಾಸ್ತ. ಚರ್ಮದ ಡಾಕ್ಟರುಗಳು ಎಲ್ಲರಿಗೂ ಹೇಳೋ ಸಾಮಾನ್ಯ ಮಾತುಗಳನ್ನೇ ನಮ್ಮ ಭಾಷೆಯಲ್ಲಿ ಹೇಳ್ತಿದ್ದೀನಿ.

ಶೇವ್ ಮಾಡೋರಿಗೆ:

1. ಗುಳ್ಳೆ ಜಾಸ್ತಿ ಇದ್ದರೆ ಮೂರು ನಾಲ್ಕು ವಾರ ಬ್ಲೇಡು ಮುಟ್ಟಬೇಡಿ. ಕೂದಲು ಉದ್ದ ಆದ ಹಾಗೆ ತಾನೇ ಹೊರಗೆ ಬರುತ್ತೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಇದಕ್ಕಿಂತ ಒಳ್ಳೆ ಮದ್ದೂ ಇಲ್ಲ.

2. ಕೆಲಸಕ್ಕೆ ಬೇಕೇ ಬೇಕು ಅಂದ್ರೆ ಟ್ರಿಮ್ಮರ್ ಬಳಸಿ. ಚರ್ಮಕ್ಕೆ ಒತ್ತದೆ ಚೂರು ಕೂದಲು ಬಿಟ್ಟು ಕತ್ತರಿಸಿ. ರೂಮಿನವರು ಸೇರಿ ಕೊಳ್ಳೋದಾದರೆ ಪ್ರತಿಯೊಬ್ಬರೂ ಬಳಸಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿ.

3. ಬ್ಲೇಡೇ ಗತಿ ಅಂದ್ರೆ ಸ್ನಾನ ಆದಮೇಲೆ, ಉಗುರುಬೆಚ್ಚಗಿನ ನೀರಲ್ಲಿ ಗಡ್ಡ ಮೆತ್ತಗಾದ ಮೇಲೆ ಮಾಡಿ. ಮೂರು, ಐದು ಬ್ಲೇಡಿನ ದುಬಾರಿ ರೇಜರು ಬೇಡ. ಅದು ಕೂದಲನ್ನ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತೆ, ಗುಳ್ಳೆಗೆ ಅದೇ ಕಾರಣ. ನಮ್ಮಪ್ಪಂದಿರು ಬಳಸ್ತಿದ್ದ ಒಂದೇ ಬ್ಲೇಡಿನ ರೇಜರು ಸಾಕು. ಬ್ಲೇಡು ಬೇಗ ಬೇಗ ಬದಲಾಯಿಸಿ. ಕೂದಲು ಬೆಳೆಯೋ ದಿಕ್ಕಿಗೇ ಎಳೆಯಿರಿ, ಎದುರು ಬೇಡ. ಚರ್ಮ ಎಳೆದು ಹಿಡೀಬೇಡಿ. ಒಂದೇ ಜಾಗದಲ್ಲಿ ನಾಲ್ಕು ಸಲ ಓಡಿಸಬೇಡಿ. ಕಟಿಂಗ್ ಶಾಪಿಗೆ ಹೋದರೆ ಕಣ್ಣೆದುರು ಹೊಸ ಬ್ಲೇಡು ಹಾಕಿಸಿ, ಕೇಳೋಕೆ ನಾಚಿಕೆ ಬೇಡ.

4. ಪಿನ್ನು, ಉಗುರು, ಚಿಮುಟ ಹಾಕಿ ಕೆದಕಬೇಡಿ.

ಜಿಡ್ಡು ಮುಖ, ಮೊಡವೆ ಇರೋರಿಗೆ:

5. ದಿನಕ್ಕೆ ಎರಡು ಸಲ ಮುಖ ತೊಳೀರಿ, ಜೊತೆಗೆ ಬೆವರಿದಾಗ ಒಂದು ಸಲ. ಕೈಯಲ್ಲೇ ತೊಳೀರಿ. ನಾರು, ಬ್ರಷ್ಷು, ಸ್ಕ್ರಬ್ ಬೇಡ.

6. ತಲೆಗೆ ಎಣ್ಣೆ ಸುರಿದರೆ ಅದು ಹಣೆಗೆ ಇಳಿಯುತ್ತೆ, ಹಣೆ ತುಂಬ ಮೊಡವೆ ಬರುತ್ತೆ. ಎಣ್ಣೆ ಕಮ್ಮಿ ಹಾಕಿ, ದಿಂಬಿನ ಬಟ್ಟೆ ವಾರಕ್ಕೊಮ್ಮೆ ಆದರೂ ಒಗೀರಿ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಡಿ.

7. ಸ್ಯಾಲಿಸಿಲಿಕ್ ಆಸಿಡ್ ಇರೋ ಫೇಸ್‌ವಾಶ್, 2.5 ಪರ್ಸೆಂಟ್ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್, ರಾತ್ರಿ ಹಚ್ಚೋ ಅಡಾಪಲೀನ್ ಜೆಲ್. ಮೊಡವೆಗೆ ಡಾಕ್ಟರುಗಳು ಮೊದಲು ಬರೆಯೋದು ಹೆಚ್ಚಾಗಿ ಇವನ್ನೇ. ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ, ಮುಖ ಸುಲಿಯುತ್ತೆ. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತೆ, ಹುಷಾರು. ಅಡಾಪಲೀನ್ ಡಾಕ್ಟರ್ ಚೀಟಿ ಮೇಲೆ ತಗೊಳ್ಳಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಬಸುರಿ ಹೆಣ್ಣುಮಕ್ಕಳು, ಮಗುಗೆ ಪ್ರಯತ್ನ ಮಾಡ್ತಿರೋರು ಅದನ್ನ ಬಳಸಬಾರದು.

8. ಫಲ ಕಾಣೋಕೆ ಎಂಟರಿಂದ ಹನ್ನೆರಡು ವಾರ ಬೇಕು. ಎರಡು ದಿನದಲ್ಲಿ ಮಾಯ ಆಗುತ್ತೆ ಅಂತ ಯಾರಾದರೂ ಹೇಳಿದರೆ ಅದರಲ್ಲಿ ಸ್ಟೀರಾಯ್ಡ್ ಇದೆಯಾ ನೋಡಿ.

9. ಬಿಸಿಲಲ್ಲಿ ದುಡಿಯೋರು ಟೋಪಿನೋ ಟವೆಲ್ಲೋ ಹಾಕ್ಕೊಳ್ಳಿ. ಬಿಸಿಲು ಬಿದ್ದರೆ ಹಳೇ ಕಲೆ ಗಾಢ ಆಗುತ್ತೆ.

ಹೆಣ್ಣುಮಕ್ಕಳು ಕಂಕುಳು, ಕಾಲು ಶೇವ್ ಮಾಡುವಾಗಲೂ ಇದೇ ನಿಯಮ. ವ್ಯಾಕ್ಸ್ ಮಾಡಿಸಿದಾಗಲೂ ಕೂದಲು ಒಳಗೆ ಬೆಳೆಯಬಹುದು. ಮುಖದಲ್ಲಿ ದಪ್ಪ ಕೂದಲು ಬರ್ತಿದ್ದು, ಮುಟ್ಟು ಏರುಪೇರಾಗಿ, ಮೊಡವೆ ಕಮ್ಮಿನೇ ಆಗ್ತಿಲ್ಲ ಅಂದ್ರೆ ಅದು ಹಾರ್ಮೋನಿನ ತೊಂದರೆ ಇರಬಹುದು. ಮುಚ್ಚಿಡಬೇಡ್ರಮ್ಮ, ತೋರಿಸಿ. ಕೀವು, ಜ್ವರ, ಗಂಟು, ಕುತ್ತಿಗೆ ಹಿಂದೆ ಗಟ್ಟಿ ಗುಳ್ಳೆ, ಉಬ್ಬಿದ ಕಲೆ ಇದ್ದರೆ ಗಂಡು ಹೆಣ್ಣು ಯಾರೇ ಆಗಲಿ ಆಸ್ಪತ್ರೆಗೆ ಹೋಗಿ.

ಯಾವ ಆಸ್ಪತ್ರೆ? ಸರ್ಕಾರಿ ಆಸ್ಪತ್ರೆ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಇಂಥ ಕಡೆ ಚರ್ಮರೋಗ ವಿಭಾಗವೇ ಇದೆ. ನಿಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಡಾಕ್ಟರಿಗೆ "ಜನರಿಕ್ ಹೆಸರಲ್ಲಿ ಬರೆದುಕೊಡಿ ಸಾರ್" ಅಂತ ಕೇಳಿ, ಆ ಚೀಟಿ ಹಿಡ್ಕೊಂಡು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಅದೇ ಔಷಧ, ಕಮ್ಮಿ ಬೆಲೆ. "ಮೊಡವೆಗೆಲ್ಲ ದೊಡ್ಡಾಸ್ಪತ್ರೆಗೆ ಹೋಗ್ತಾರಾ" ಅಂತ ನಗೋರು ನಗಲಿ. ಸ್ಟೀರಾಯ್ಡ್ ಹಚ್ಚಿ ಮುಖ ಹಾಳಾದ ಮೇಲೆ ಹೇಗೂ ಅಲ್ಲಿಗೇ ಹೋಗಬೇಕು.

ನಮ್ಮ ಸಂಘಟನೆಗಳು ಕೇಳಬೇಕಾದ ಬೇಡಿಕೆಗಳೂ ಇವೆ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲುಗಳಿಗೆ ವರ್ಷಕ್ಕೆ ಎರಡು ಸಲ ಚರ್ಮದ ಡಾಕ್ಟರು ಬರಲಿ. ಹಾಸ್ಟೆಲ್ ಮಕ್ಕಳಿಗೆ ಸೋಪು, ಎಣ್ಣೆ ಕೊಡ್ತಾರಲ್ಲ, ಅದರ ಜೊತೆ ದೊಡ್ಡ ಹುಡುಗರಿಗೆ ತಲಾ ಒಂದು ರೇಜರು, ಸಾಕಷ್ಟು ಬ್ಲೇಡು, ಒಂದು ಪುಟದ ಕನ್ನಡ ಸೂಚನೆ ಸೇರಿಸಲಿ. ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾರೋ ಅಂಗಡಿಗಳನ್ನ ಔಷಧ ನಿಯಂತ್ರಣ ಇಲಾಖೆ ತಪಾಸಣೆ ಮಾಡಲಿ. ಸೆಕ್ಯೂರಿಟಿ, ಹೋಟೆಲ್, ಡೆಲಿವರಿ ಕೆಲಸದಲ್ಲಿ ಡಾಕ್ಟರ್ ಚೀಟಿ ತಂದವರಿಗೆ ಟ್ರಿಮ್ ಮಾಡಿದ ಗಡ್ಡಕ್ಕೆ ಅವಕಾಶ ಇರಲಿ, ಅದಕ್ಕೆ ಸಂಬಳ ಹಿಡಿಯೋದು ನಿಲ್ಲಲಿ. ನಮ್ಮ ಅಕ್ಕನ ಮಗ ಹೀಗೇ ಚೀಟಿ ತಗೊಂಡು ಹೋಗಿ ಕೊಟ್ಟ. ಸೂಪರ್‌ವೈಸರ್ ಗೊಣಗಿದರಂತೆ, ಆದರೆ ಒಪ್ಪಿಕೊಂಡರು. ಎರಡು ತಿಂಗಳಲ್ಲಿ ಕುತ್ತಿಗೆ ಮುಕ್ಕಾಲು ವಾಸಿ ಆಯ್ತು. ಅವನ ರೂಮಿನ ಇನ್ನೊಬ್ಬ ಹುಡುಗನ ಏಜೆನ್ಸಿ ಮಾತ್ರ ಇನ್ನೂ ಒಪ್ಪಿಲ್ಲ. ಒಬ್ಬೊಬ್ಬರೇ ಕೇಳಿದರೆ ಅವರವರ ಸೂಪರ್‌ವೈಸರ್ ಪುಣ್ಯ. ನಿಯಮ ಬಂದರೆ ಎಲ್ಲರ ಹಕ್ಕು.

ಕೊನೆಗೆ, "ಕೊಲೆ, ಅತ್ಯಾಚಾರ ನಡೀತಿರುವಾಗ ಮೊಡವೆ ಬಗ್ಗೆ ಬರೀತೀರಲ್ಲ" ಅನ್ನೋರಿಗೆ ಒಂದು ಮಾತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳನ್ನ ಕೂರಿಸಿಕೊಂಡು ಸೀರೆ ಹೇಗೆ ಉಡಬೇಕು, ಜಾತಿ ಗುರುತು ತೋರಿಸೋ ಒಡವೆ ಯಾಕೆ ಬಿಡಬೇಕು ಅಂತ ಮಾತಾಡಿದ್ದರು. ಅದೇ ಸಮಾವೇಶದಲ್ಲಿ ಮನುಸ್ಮೃತಿ ಸುಟ್ಟಿದ್ದು. ಎರಡೂ ಒಂದೇ ಹೋರಾಟ ಅಂತ ಅವರಿಗೆ ಗೊತ್ತಿತ್ತು. ಜಾತಿ ಮೊದಲು ಹಿಡಿಯೋದು ಮೈಯನ್ನ. ಏನು ಉಡಬೇಕು, ಯಾರು ಮುಟ್ಟಬೇಕು, ಯಾವ ಬಣ್ಣ ಚೆಂದ ಅಂತ ಅದೇ ಹೇಳಿತ್ತು. ನಮ್ಮ ಮೈಯನ್ನ ಅದರ ಕೈಯಿಂದ ಬಿಡಿಸಿಕೊಳ್ಳೋದೂ ಚಳವಳಿಯೇ.

ತಮ್ಮಂದಿರೇ, ತಂಗಿಯರೇ, ನಿಮ್ಮ ಮುಖದಲ್ಲಿ ತೊಳೆದು ಕಳೀಬೇಕಾದ ಪಾಪ ಏನೂ ಇಲ್ಲ. ಉಜ್ಜೋದು ನಿಲ್ಲಿಸಿ. ಸರಿಯಾದ ಔಷಧ ಕೇಳಿ ಹಚ್ಕೊಳ್ಳಿ. ಹಾಸ್ಟೆಲಿನಲ್ಲಿರೋ ಮಕ್ಕಳಿಗೆ ಈ ಪೋಸ್ಟ್ ಕಳಿಸಿ, ಮನೆಯಲ್ಲಿ ಯಾರ ಹತ್ತಿರ ಯಾವ ಟ್ಯೂಬು ಇದೆ ಅಂತ ಇವತ್ತೇ ನೋಡಿ. ಚರ್ಮದ ಡಾಕ್ಟರು, ನರ್ಸು, ಫಾರ್ಮಸಿಸ್ಟ್ ಆಗಿರೋ ನಮ್ಮ ಗೆಳೆಯರು ಇದಕ್ಕೆ ಸೇರಿಸೋದು ಇದ್ದರೆ ಕಾಮೆಂಟಿನಲ್ಲಿ ಕನ್ನಡದಲ್ಲೇ ಬರೀರಿ, ಎಲ್ಲರಿಗೂ ಉಪಯೋಗ ಆಗುತ್ತೆ.

ಜೈ ಭೀಮ್.